ಕಾಲು ನೋಡಿ ಮಾತಾಡುವ ಮುಕ್ತಿಯಾರ್ ಸಾಹೇಬರು

ಚನ್ನಪಟ್ಟಣದ ಮುಕ್ತಿಯಾರ್ ಸಾಹೇಬರು ಯಾರನ್ನೂ ಮುಖದಿಂದ ಗುರುತು ಹಿಡಿಯುವವರಲ್ಲ. ಅವರ ದೃಷ್ಟಿ ಎದುರಿಗೆ ಬಂದವರ ಪಾದಕ್ಕೆ ಮೊದಲು ಇಳಿದು, ಹಿಮ್ಮಡಿಯ ಸವೆತವನ್ನೂ ಲೇಸಿನ ಗಂಟನ್ನೂ ಸಾವಕಾಶವಾಗಿ ಪರಾಮರ್ಶಿಸಿ, ಆಮೇಲೆ, ಬಿಡುವಿದ್ದರೆ, ಮುಖದವರೆಗೆ ಏರುತ್ತದೆ. ಹತ್ತು ವರ್ಷದ ಸ್ನೇಹದ ನಂತರವೂ ಅವರು ನನ್ನನ್ನು ಬೇರೆಯವರಿಗೆ ಪರಿಚಯಿಸುವುದು "ಬಲಗಡೆ ಹಿಮ್ಮಡಿ ತಿನ್ನೋ ಮೇಷ್ಟ್ರು" ಎಂದೇ. ನಾನು ಮೇಷ್ಟ್ರಲ್ಲ, ಹಿಮ್ಮಡಿಯ ಸಂಗತಿ ಮಾತ್ರ ನಿಜ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪ್ರತಿ ಬೆಳಿಗ್ಗೆ ಬಗ್ಗಿ, ನಮ್ಮ ಶೂಗಳ ಹೊಳಪಿನಲ್ಲಿ ತಮ್ಮ ಮುಖ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಶೂವಿಗೆ ತಳವೂ ಇರುತ್ತದೆ, ನಮ್ಮ ಚರಿತ್ರೆಯೆಲ್ಲ ಅಲ್ಲಿಯೇ ಬರೆದಿರುತ್ತದೆ ಎಂದು ನನಗೆ ತಿಳಿಸಿಕೊಟ್ಟವರು ಮುಕ್ತಿಯಾರ್ ಸಾಹೇಬರು. ಸೋಲ್ ನೋಡಿ ಗೆಲುವು ಹೇಳುವ ಮನುಷ್ಯ.

ಐದಡಿ ನಾಲ್ಕಂಗುಲದ ದೇಹ. ವಯಸ್ಸು ಐವತ್ತೈದರ ಆಚೆ. ಯೌವನದಲ್ಲಿ ಜಿಲ್ಲಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಡಿದಾಗ ದೊರೆತ ನೀಲಿ ಕೋಟು ಮೇ ತಿಂಗಳ ಬಿಸಿಲಿನಲ್ಲೂ ಅವರ ಮೈಬಿಟ್ಟು ಇಳಿಯುವುದಿಲ್ಲ. ಅದರ ತೋಳಿನ ತುಂಬ ಹಳದಿ, ಕೆಂಪು, ಹಸಿರು ಅರಗಿನ ಚುಕ್ಕೆಗಳು, ಏಕೆಂದರೆ ಹೊಟ್ಟೆಪಾಡಿಗೆ ಅವರು ಮರದ ಬೊಂಬೆ ಮಾಡುವವರು. ಕಾಲಲ್ಲಿ ಸದಾ ಬ್ಯಾಸ್ಕೆಟ್‌ಬಾಲ್ ಶೂ. ಮಸೀದಿಯ ಬಾಗಿಲಲ್ಲಿ ಬಿಟ್ಟಾಗ ಮಾತ್ರ ಅವಕ್ಕೆ ವಿಶ್ರಾಂತಿ. ನಡಿಗೆಯಂತೂ ಇನ್ನೂ ಯಾರೋ ಎದುರಾಳಿ ಮುಂದೆ ನಿಂತಿದ್ದಾನೆಂಬಂತೆ: ಮೊಣಕಾಲು ಕೊಂಚ ಬಾಗಿಸಿ, ಸಣ್ಣಸಣ್ಣ ಹೆಜ್ಜೆಯಲ್ಲಿ ಎಡಕ್ಕೆ ಹೊರಟಂತೆ ತೋರಿಸಿ ಬಲಕ್ಕೆ ತಿರುಗಿಬಿಡುತ್ತಾರೆ. ಮಾರುಕಟ್ಟೆಯಲ್ಲಿ ಅವರ ಜೊತೆ ನಡೆದವರು ಅವರನ್ನು ಕಳೆದುಕೊಂಡು, ಸೊಪ್ಪಿನ ರಾಶಿಯ ಮುಂದೆ ಒಬ್ಬರೇ ಮಾತಾಡುತ್ತ ನಿಂತಿರುವುದುಂಟು. ಯಾವ ನೆಲಕ್ಕೆ ಕಾಲಿಡುವ ಮುಂಚೆಯೂ ಒಂದೊಂದೇ ಪಾದ ಎತ್ತಿ ಶೂವಿನ ತಳವನ್ನು ಅಂಗೈಯಿಂದ ಒರೆಸಿಕೊಳ್ಳುವುದು ಅವರ ಹಠದ ಅಭ್ಯಾಸ. ಕಲ್ಯಾಣ ಮಂಟಪದ ಹೊಸ್ತಿಲಲ್ಲಿ ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತ ಅವರನ್ನು ಕಂಡು ವಧುವಿನ ಕಡೆಯವರು ಗಾಬರಿಯಾದದ್ದಿದೆ.

ಅವರು ಆಡುತ್ತಿದ್ದದ್ದು ಗಾರ್ಡ್ ಸ್ಥಾನದಲ್ಲಿ. ತಂಡದಲ್ಲಿ ಕುಳ್ಳಗಿರುವವರು, ಚೆಂಡನ್ನು ನೆಲಕ್ಕೆ ಪುಟಿಸುತ್ತ ತರುವವರು, ಎತ್ತರದವರ ಸಂದಿಯಲ್ಲಿ ಇದ್ದಕ್ಕಿದ್ದಂತೆ ತಿರುಗಿ ನುಗ್ಗುವವರು ಗಾರ್ಡುಗಳು. ಊರಿನವರಿಗೆ ಇದರ ತಿಳಿವಳಿಕೆ ಕಡಿಮೆ. ಹೂ ಮಾರುವ ಯಲ್ಲಮ್ಮ, ಯಾರೋ "ಮುಕ್ತಿಯಾರ್ ಗಾರ್ಡು" ಎಂದದ್ದನ್ನು ಕೇಳಿ, ನೀಲಿ ಕೋಟನ್ನೂ ನೋಡಿ, "ಬ್ಯಾಂಕು ಎಷ್ಟೊತ್ಗೆ ತೆಗೀತಾರೆ ಸಾಮಿ?" ಎಂದು ವಿಚಾರಿಸಿದ್ದಳು. ಇವರು ಗಂಭೀರವಾಗಿ, "ಹತ್ ಗಂಟೆಗೆ ಕಣವ್ವ. ನಿನ್ ಚಪ್ಲಿ ಉಂಗುಟ ಕಿತ್ಕೊಂಡೈತೆ, ಮೊದ್ಲು ಅದ ನೋಡ್ಕೊ" ಎಂದಿದ್ದರು.

ಗಾರ್ಡಿನ ಶೂ ಹೇಗಿರಬೇಕೆಂಬ ವಿಷಯದಲ್ಲಿ ಅವರದು ನಿಷ್ಠುರ ಸಿದ್ಧಾಂತ. ರಾಮನಗರದ ದೇವರಾಜನ ಅಂಗಡಿಗೆ ಅವರ ಜೊತೆ ನಾನೂ ಒಮ್ಮೆ ಹೋಗಿದ್ದೆ. ಬಣ್ಣ, ಹೆಸರು, ಮಿಂಚು ಯಾವುದನ್ನೂ ಕಣ್ಣೆತ್ತಿ ನೋಡದೆ ಶೂವನ್ನು ಅಂಗಾತ ಮಲಗಿಸಿದರು, ಹೆಬ್ಬೆರಳಿಂದ ತಳವನ್ನು ಒತ್ತಿದರು, ಬಗ್ಗಿಸಿದರು. ಬೆರಳುಗಳ ಬುಡದಲ್ಲಿ ಬಾಗಿದರೆ ಸರಿ, ನಟ್ಟನಡುವೆ ಮಡಚಿಕೊಂಡರೆ ಅದು ಶೂವಲ್ಲ, ಹಪ್ಪಳ. ದಪ್ಪ ಮೆತ್ತೆಯ ಜೋಡಿಯೊಂದನ್ನು ದೇವರಾಜ ಹೊಗಳತೊಡಗಿದಾಗ, "ಹಾಸ್ಗೆ ಮೇಲೆ ನಿಂತ್ಕೊಂಡು ಓಡಕ್ಕಾಯ್ತದೇನಪ್ಪ? ಗಾರ್ಡ್‌ಗೆ ನೆಲ ಕಾಲ್ಗೆ ಸಿಗ್ಬೇಕು. ಇದು ಉದ್ದುದ್ದ ಇರೋರ್ಗೆ ಮಡಗು" ಎಂದರು. ಕೊನೆಗೆ ಒಂದು ಜೋಡಿ ತೊಟ್ಟು, ಅಂಗಡಿಯ ಟೈಲ್ಸಿನ ಮೇಲೆ ಥಟ್ಟನೆ ಪಕ್ಕಕ್ಕೆ ಜಿಗಿದು ನಿಂತರು. 'ಕಿರ್' ಎಂದಿತು, ತಳ ನೆಲವನ್ನು ಹಿಡಿದ ಸದ್ದು. ಇನ್ನೊಮ್ಮೆ ಜಿಗಿದರು. ಗಾಜಿನ ಕಪಾಟು ನಡುಗಿತು.

"ಸಾಹೇಬ್ರೇ, ಶೂ ತಗೊಳ್ಳಕ್ ಬಂದಿದ್ದೀರಾ, ಡ್ಯಾನ್ಸ್ ಮಾಡಕ್ ಬಂದಿದ್ದೀರಾ?"

"ಒಸಿ ಸುಮ್ನಿರು ದೇವರಾಜು. ಶೂ ಮಾತಾಡ್ತೈತೆ."

ಆ ದಿನ ಶೂ ಹೇಳಿದ್ದು ತೃಪ್ತಿಕರವಾಗಿದ್ದಿರಬೇಕು, ಜೋಡಿಯನ್ನು ಕಟ್ಟಿಸಿಕೊಂಡರು. ಅದು ಅವರಿಗಲ್ಲ, ಅವರದೇ ಅಳತೆಯ ಪಾದದ ಭಾನುಪ್ರಿಯಳಿಗೆ.

ಭಾನುಪ್ರಿಯ ದೊಡ್ಡಆಲಹಳ್ಳಿಯ ರೈತರ ಮನೆಯ ಹುಡುಗಿ, ಚನ್ನಪಟ್ಟಣದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತ ಅಲ್ಲಿನ ಕ್ಲಬ್ಬಿಗೆ ಗಾರ್ಡ್ ಆಗಿ ಆಡುತ್ತಿದ್ದಳು. ಇಪ್ಪತ್ತರೊಳಗಿನವರ ಜಿಲ್ಲಾ ತಂಡದ ಆಯ್ಕೆಯಲ್ಲಿ ಎರಡು ಸಲ ಅವಳ ಹೆಸರು ತಪ್ಪಿಹೋಗಿತ್ತು. ಈ ಸಲ ಬಿಟ್ಟರೆ ವಯಸ್ಸೇ ಮೀರುತ್ತಿತ್ತು. ಮುಕ್ತಿಯಾರ್ ಸಾಹೇಬರು ಆ ಕ್ಲಬ್ಬಿಗೆ ಕೋಚೂ ಅಲ್ಲ, ಮ್ಯಾನೇಜರೂ ಅಲ್ಲ. ಆದರೆ ಶೂವಿನ ಮಾತಿಗೆ ಅಲ್ಲಿ ಅವರದೇ ಕೊನೆಯ ತೀರ್ಪು. ಕಿತ್ತು ಅಂಟಿಸಿದ ಅವಳ ಹಳೆಯ ಶೂಗಳನ್ನು ನೋಡಿ, "ಇದ್ರಲ್ಲಿ ಎಮ್ಮೆ ಮೇಯ್ಸವ್ವ, ಆಟ ಬ್ಯಾಡ" ಎಂದು ನಿಷೇಧ ಹೊರಡಿಸಿದವರು ಅವರೇ.

ಹೊಸ ಶೂವಿನ ತಳದಲ್ಲಿ ಕಾರ್ಖಾನೆಯ ನುಣುಪು ಇರುತ್ತದೆ, ಅದನ್ನು ತೆಗೆಯದಿದ್ದರೆ ಮೊದಲ ದಿನ ಜಾರುತ್ತದೆ ಎಂದು ಅವರು ಶೂಗಳನ್ನು ಮನೆಗೆ ಒಯ್ದು, ಮರ ಕಡೆಯುವ ಲೇತಿನ ಪಕ್ಕ ಕೂತು ಸ್ಯಾಂಡ್ ಪೇಪರಿನಿಂದ ಹದವಾಗಿ ಉಜ್ಜಿದರು. ಇಲ್ಲಿ ಅವರ ಕಸುಬಿನ ಒಂದು ಮಾತು ಹೇಳಬೇಕು. ಬೊಂಬೆ ಎಂದರೆ ಮಗು ಬಾಯಿಗೆ ಹಾಕಿಕೊಳ್ಳುವ ವಸ್ತು. ಅದರಲ್ಲಿ ಚೂಪು ಇರಕೂಡದು, ಮೂಲೆ ಇರಕೂಡದು. ನಲವತ್ತು ವರ್ಷ ಅಂಚುಗಳನ್ನು ಮುರಿದು ದುಂಡಗೆ ಮಾಡಿದ ಆ ಕೈ ಬೊಂಬೆಗೆ ಮಾತ್ರ ನಿಂತಿರಲಿಲ್ಲ. ಅವರ ಮನೆಯಲ್ಲಿ ಊಟದ ಮೇಜು, ಕಿಟಕಿಯ ದಂಡೆ, ಬಟ್ಟೆ ಒಗೆಯುವ ಕಲ್ಲು ಎಲ್ಲಕ್ಕೂ ಮೂಲೆ ಮಾಯ. ಅವರ ಬೇಗಂ ಮಜೀದಾ ಚಹಾ ಕೊಡುತ್ತ ನನಗೆ ಹೇಳಿದ್ದರು: "ಇವ್ರಿಗೆ ಮೂಲೆ ಕಂಡ್ರೆ ಆಗಕಿಲ್ಲ ಭಾಯ್. ಕೇರಂ ಬೋರ್ಡ್ ಒಂದು ಬಾಕಿ ಐತೆ. ಅದುನ್ನ ನಾನೇ ಬಚ್ಚಿಟ್ಟಿವ್ನಿ."

ಆಯ್ಕೆಯ ಪಂದ್ಯ ಒಂದು ಭಾನುವಾರ ಬೆಳಿಗ್ಗೆ ರಾಮನಗರದಲ್ಲಿ, ಮಾಗಡಿಯ ತಂಡದ ಎದುರು. ಸಿಮೆಂಟಿನ ಅಂಗಳ, ಪಕ್ಕದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಅವುಗಳಲ್ಲಿ ನೋಟ್‌ಬುಕ್ ಹಿಡಿದ ಇಬ್ಬರು ಆಯ್ಕೆದಾರರು. ಅಂದೇ ಮೊದಲ ಸಲ ಹೊಸ ಶೂ ತೊಟ್ಟ ಭಾನುಪ್ರಿಯ ಚೆಂಡು ತಂದಳು, ಬಲಕ್ಕೆ ವಾಲಿ ಎಡಕ್ಕೆ ತಿರುಗಿದಳು, ಕಾಲು ಹೊರಮಗ್ಗುಲಿಗೆ ಹೊರಳಿ ಕುಕ್ಕರಿಸಿದಳು. ಚೆಂಡು ಮಾಗಡಿಯವರ ಪಾಲಾಯಿತು. ಮತ್ತೆ ಅದೇ. ಮೂರನೆಯ ಸಲ ಬಿದ್ದಾಗ ಪ್ರೇಕ್ಷಕರಲ್ಲೊಬ್ಬ, "ಏನವ್ವಾ, ಜಾರುಬಂಡೆ ಆಡ್ತಿದ್ದೀಯಾ?" ಎಂದು ಕೂಗಿದ. ಆಯ್ಕೆದಾರರಲ್ಲೊಬ್ಬರು ಏನನ್ನೋ ಬರೆದುಕೊಂಡರು. ಇನ್ನೊಬ್ಬರು ಬರೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ನನ್ನ ಪಕ್ಕ ನಿಂತಿದ್ದ ಮುಕ್ತಿಯಾರ್ ಸಾಹೇಬರು ಆಟ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. "ಎಡಗಡೆ ತಿರುಗಿದ್ರೆ ಸದ್ದೇ ಇಲ್ಲ ಮೇಷ್ಟ್ರೇ," ಎಂದರು. ಅವರ ಮುಖದ ಬಣ್ಣ ಇಳಿದಿತ್ತು.

ಮಧ್ಯಂತರದಲ್ಲಿ ಕೋಚ್ ಕೆಂಪರಾಜು, ಸಾಹೇಬರ ಜೊತೆಯಲ್ಲೇ ಆಡಿ ಬೆಳೆದ ಆರಡಿಯ ಆಳು, ತೀರ್ಮಾನ ಹೇಳಿಬಿಟ್ಟ: "ಹುಡ್ಗಿ ಹೆದರ್ಕೊಂಬುಟ್ಟೌಳೆ. ಕೂರ್ಸ್ತೀನಿ. ಬೇರೇವ್ಳು ಆಡ್ಲಿ." ಭಾನುಪ್ರಿಯ ತಲೆ ತಗ್ಗಿಸಿ ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತಿದ್ದಳು. ಕೂರಿಸಿದರೆ ಅಲ್ಲಿಗೆ ಮುಗಿಯಿತು ಎಂದು ಅವಳಿಗೂ ಗೊತ್ತು, ಎಲ್ಲರಿಗೂ ಗೊತ್ತು.

ಸಾಹೇಬರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬಲಗಾಲಿನ ಶೂ ಬಿಚ್ಚಿ ತಲೆಕೆಳಗು ಮಾಡಿದರು. ತಳದ ಹೊರ ಅಂಚಿನುದ್ದಕ್ಕೂ ಹೆಬ್ಬೆರಳನ್ನು ಆಡಿಸಿದರು. ಬೆರಳು ಎಲ್ಲಿಯೂ ತಡೆಯದೆ ಸಲೀಸಾಗಿ ಜಾರಿ ಹೊರಬಂತು, ಬೊಂಬೆಯ ಕೆನ್ನೆಯ ಮೇಲಿಂದ ಜಾರುವ ಹಾಗೆ. ಪಕ್ಕಕ್ಕೆ ತಿರುಗುವಾಗ ಗಾರ್ಡಿನ ಇಡೀ ಭಾರ ಆತುಕೊಳ್ಳುವುದು ಆ ಅಂಚಿಗೇ. ಅದನ್ನು ಅವರ ಕೈ, ಅವರಿಗೇ ತಿಳಿಯದಂತೆ, ದುಂಡಗೆ ಮಾಡಿಟ್ಟಿತ್ತು.

ಆಗ ಅವರು ಸುಮ್ಮನಿರಬಹುದಾಗಿತ್ತು. ಸಿಮೆಂಟಿನ ಧೂಳು ಎನ್ನಬಹುದಾಗಿತ್ತು, ಹುಡುಗಿಯ ಹೆದರಿಕೆ ಎಂದು ಕೋಚೇ ದಾರಿ ಮಾಡಿಕೊಟ್ಟಿದ್ದ. ಇಡೀ ಕ್ಲಬ್ಬು ಸುತ್ತ ನಿಂತಿತ್ತು. ಅವರು ಎದ್ದು, ಎರಡೂ ಊರಿನವರಿಗೆ ಕೇಳುವಂತೆ, "ಹೆದರಿಲ್ಲ ಕಣ್ಲಾ ಕೆಂಪರಾಜು. ಅಂಚು ತಿಂದಿರೋನು ನಾನು" ಎಂದರು.

"ಏನ್ಲಾ ಹಂಗಂದ್ರೆ?"

"ಶೂನ ಬೊಂಬೆ ಮಾಡ್ಬುಟ್ಟಿವ್ನಿ. ತಪ್ಪು ನಂದು, ಹುಡ್ಗೀದಲ್ಲ. ಅವಳ ಕೂರಿಸ್ಬ್ಯಾಡ."

ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಮಗಳ ಆಟ ನೋಡಲು ಬಂದಿದ್ದ ಭಾನುಪ್ರಿಯಳ ತಾಯಿ ಬೈರಮ್ಮ ಕಟ್ಟೆಯಿಂದ ಇಳಿದು, ಪ್ಲಾಸ್ಟಿಕ್ ಕವರೊಂದನ್ನು ನೆಲದ ಮೇಲೆ ಬಡಿದಿಟ್ಟರು. ಒಳಗೆ ಅಂಟು ಹಾಕಿದ ಹಳೆಯ ಶೂಗಳು. "ಹೊಸ ಎತ್ತು ಬಂತು ಅಂತ ಹಳೇದ ಯಾರಾನ ಬುಟ್ಟು ಬತ್ತಾರಾ? ಎಮ್ಮೆ ಮೇಯ್ಸೋ ಶೂವಂತೆ! ಹಾಕ್ಕಳೆ ಭಾನು."

ಸಾಹೇಬರು ಅವನ್ನೂ ತಿರುವಿ ನೋಡಿದರು. ತಳ ಸವೆದಿತ್ತು, ಅಂಚು ಇತ್ತು. "ಇವೇ ವಾಸಿ ಕಣಕ್ಕ," ಎಂದು ಒಪ್ಪಿಕೊಂಡು, ಕೋಟಿನ ತುದಿಯಿಂದ ತಳ ಒರೆಸಿ, ತಾವೇ ಮಂಡಿಯೂರಿ ತೊಡಿಸಿ, ಹಿಮ್ಮಡಿ ಅಲುಗದಂತೆ ಲೇಸನ್ನು ಮೇಲಿನ ಕೊನೆಯ ತೂತಿನವರೆಗೂ ಎಳೆದು ಬಿಗಿದರು. ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕಿದರು, ಅದನ್ನೂ ಬಿಚ್ಚಿದರು. ಭಾನುಪ್ರಿಯ ಅದನ್ನು ನೋಡಿ ಆ ದಿನ ಮೊದಲ ಬಾರಿಗೆ ನಕ್ಕಳು. "ಬುಡಿ ಸಾಬ್ರೇ, ನಂಗಿಂತ ನೀವೇ ಹೆದರ್ಕೊಂಡಿದ್ದೀರಾ."

ಉತ್ತರಾರ್ಧದ ವರ್ಣನೆಗೆ ನನ್ನ ಕ್ರೀಡಾಜ್ಞಾನ ಸಾಲದು. ಎಡಕ್ಕೆ ತಿರುಗಿದಾಗ 'ಕಿರ್' ಎಂದದ್ದು ನನ್ನಂಥ ಕಿವುಡನಿಗೂ ಕೇಳಿಸಿತು, ಮಾಗಡಿಯ ಉದ್ದನೆಯ ಹುಡುಗಿಯರು ಆ ಸದ್ದು ಎಲ್ಲಿಂದ ಬಂತೆಂದು ಹುಡುಕುವಷ್ಟರಲ್ಲಿ ಇವಳು ಬುಟ್ಟಿಯ ಕೆಳಗಿರುತ್ತಿದ್ದಳು ಎಂದಷ್ಟು ಹೇಳಬಲ್ಲೆ. ಚನ್ನಪಟ್ಟಣ ಎರಡು ಅಂಕದಿಂದ ಸೋತಿತು. ಆಯ್ಕೆಪಟ್ಟಿಯಲ್ಲಿ ಭಾನುಪ್ರಿಯಳ ಹೆಸರನ್ನು ಎರಡನೆಯದಾಗಿ ಓದಿದರು. ಬೈರಮ್ಮ, "ಸೋತೋರ್ನ ಯಾಕ್ ತಗೊಂಡ್ರು?" ಎಂದು ಅನುಮಾನಪಟ್ಟರು.

ಆಮೇಲಿನ ದಿನಗಳಲ್ಲಿ ಈ ಕತೆಯನ್ನು ಊರೆಲ್ಲ ಹರಡಿದವರು ಸ್ವತಃ ಸಾಹೇಬರೇ. ಪ್ರತಿ ಸಲ ಹೇಳುವಾಗಲೂ ತಮ್ಮ ತಪ್ಪನ್ನು ಒಂದಿಷ್ಟು ದೊಡ್ಡದು ಮಾಡಿಕೊಳ್ಳುತ್ತಾರೆ. ಈಚೆಗೆ ಕೇಳಿದಾಗ ಎರಡೂ ಶೂ ಪೂರ್ತಿ ಗೋಲಿಯಾಗಿಬಿಟ್ಟಿದ್ದವು.

ಅಸಡ್ಡೆಯಿಂದ ತಪ್ಪು ಮಾಡುವವರನ್ನು ನಾವು ದಿನಾ ಕಾಣುತ್ತೇವೆ. ಅವರ ತಪ್ಪಿಗೆ ಗುರುತಿರುವುದಿಲ್ಲ, ಯಾರು ಬೇಕಾದರೂ ಮಾಡಬಹುದಾದದ್ದು ಅದು. ಆದರೆ ಅಕ್ಕರೆ ಅತಿಯಾಗಿ ಕೈತಪ್ಪುವ ಜನ ಬೇರೆ; ಅವರ ತಪ್ಪನ್ನು ಅವರ ಹೊರತು ಮತ್ತೊಬ್ಬರು ಮಾಡಲಾರರು, ಆದ್ದರಿಂದಲೇ ಅದನ್ನು ತಮ್ಮದೆನ್ನಲು ಅವರಿಗೆ ಸಂಕೋಚವೂ ಇರುವುದಿಲ್ಲ. ಇಂಥವರು ಸಣ್ಣ ಊರುಗಳಲ್ಲಿ, ಯಾವ ಹುದ್ದೆಯೂ ಇಲ್ಲದೆ, ಬೇರೆಯವರಿಗೆ ಅತಿ ಕ್ಷುಲ್ಲಕವಾದ ಒಂದು ವಿಷಯವನ್ನು ಜೀವಮಾನವಿಡೀ ಅರಿಯುತ್ತ ಕೂತಿರುತ್ತಾರೆ. ಅವರ ಹೆಸರು ಯಾವ ಫಲಕದ ಮೇಲೂ ಏರುವುದಿಲ್ಲ. ಎಲ್ಲೋ ಒಂದು ಅಂಗಳದಲ್ಲಿ ಹುಡುಗಿಯೊಬ್ಬಳು ತನ್ನ ಕಾಲಿನ ಯೋಚನೆಯನ್ನೇ ಮರೆತು ಗಕ್ಕನೆ ತಿರುಗಿ ಓಡುತ್ತಾಳೆ; ಆ ಮರೆವಿನಲ್ಲಿ ಅವರ ಬದುಕು ಸಾರ್ಥಕವಾಗಿರುತ್ತದೆ.