ಎಲ್ಲರೂ ಬೆರಳದ್ದಿದ ಕಾಫಿ

ನಿಘಂಟಿಗಾಗಿ ‘ಕೆಂಪುನಾನ್’ ಎಂಬ ಮಲಯ್ ಮಾತಿನ ಅರ್ಥ ಬರೆದುಕೊಳ್ಳಲು ಹಸ್ನಾ ಮಲೇಷ್ಯಾದ ತಾಪಾ ಊರಿನ ಸಂತೆಗೆ ಬಂದರೆ, ಸಿಕ್ಕಿದ್ದೆಲ್ಲ ತಿಂಡಿಯೇ.

“ಆಸೆಪಟ್ಟಿದ್ದನ್ನ ತಿನ್ನದೆ ಹೊರಟ್ರೆ ದಾರೀಲಿ ಮೊಸಳೆ ಹಿಡಿಯುತ್ತೆ, ಅಷ್ಟೇ ಕಣೇ,” ಎಂದು ಅಲ್ಲೇ ತಿಂಡಿ ಅಂಗಡಿ ಇಟ್ಟಿದ್ದ ಚಿಕ್ಕಮ್ಮ ಕರಿದ ಬಾಳೆಹಣ್ಣನ್ನು ಅವಳ ಬಾಯಿಗೆ ತುರುಕಿದಳು.

ಬೋರ್ನಿಯೋದಿಂದ ಬಂದು ಪಕ್ಕದಂಗಡಿ ಇಟ್ಟಿದ್ದ ಇಬಾನ್ ಬುಡಕಟ್ಟಿನ ಹೆಂಗಸಿನ ನುಡಿಯಲ್ಲಿ ಅದು ‘ಪುನಿ’. “ಆಸೆ ಗೀಸೆ ಏನಿಲ್ಲಮ್ಮ, ಕೊಟ್ಟಿದ್ದನ್ನ ಬೆರಳಲ್ಲಾದ್ರೂ ಮುಟ್ಟದೆ ಹೋದ್ರೆ ಹಾವು ಕಚ್ಚುತ್ತೆ!”

ಮಲಯ್‌ಗೆ ನಂಟೇ ಇಲ್ಲದ, ಅಲ್ಲಿನ ಕಾಡುಬೆಟ್ಟದ ಸೆಮಾಯ್ ಬುಡಕಟ್ಟಿನ ನುಡಿಯಲ್ಲೂ ಇಂಥದೇ ಮಾತಿದೆ. ಗೆಣಸು ಮಾರುವ ಸೆಮಾಯ್ ಅಜ್ಜಿ ರೇಗಿದಳು: “ತಿನ್ನದೋರ ತಪ್ಪೇನೇ ಅದ್ರಲ್ಲಿ? ಎದುರಿಗಿರೋರಿಗೆ ಕೊಡದೆ ತಾನೇ ತಿಂದೋರ ತಪ್ಪು!”

“ಎಲ್ಲಾ ಮೂಢನಂಬಿಕೆ,” ಎಂದು ನಗುತ್ತ ಹಸ್ನಾ ಬಸ್ಸು ಹತ್ತಿದಳು. ಬಸ್ಸು ಹೊರಟಿತು. ಚಿಕ್ಕಮ್ಮ ತಾನು ಕುಡಿಯಲು ಹಿಡಿದಿದ್ದ ಕಾಫಿ ಲೋಟದೊಡನೆ ಓಡಿ ಬಂದಳು: “ಇದನ್ನ ಮುಟ್ಟಿ ಹೋಗೇ!”

“ನಿಲ್ಸೀ!” ಎಂದು ಕಿರುಚಿದವಳು ಹಸ್ನಾಳೇ. ಕಿಟಕಿಯಿಂದ ಕೈ ಚಾಚಿ, ಬೆರಳದ್ದಿ ನೆಕ್ಕಿದಳು. ಘಮ ಉಳಿದ ಪ್ರಯಾಣಿಕರ ಮೂಗಿಗೆ ಬಡಿದಿದ್ದೇ ತಡ, ಕಿಟಕಿಗೊಂದು ಬೆರಳು ಹೊರಬಂತು. “ನನ್ನ ಬಿಟ್ರೆ ಬಸ್ಸು ಹಳ್ಳಕ್ಕೇ,” ಎಂದ ಡ್ರೈವರ್ ಲೋಟವನ್ನೇ ಬರಿದು ಮಾಡಿದ.

ಖಾಲಿ ಲೋಟ ನೋಡಿ ಚಿಕ್ಕಮ್ಮನ ಮುಖ ಬಿಳಿಚಿತು. “ಅಯ್ಯೋ, ನಾನಿನ್ನೂ ಕುಡಿದೇ ಇರ್ಲಿಲ್ವೋ!”

ಅಜ್ಜಿ ಕುಣಿದಾಡಿಬಿಟ್ಟಳು: “ಬರ್ಕೊಳ್ಳೇ ಹುಡುಗಿ! ತಪ್ಪು ಯಾರ್ದು ಅಂತ ಈಗ ಬರ್ಕೋ!”