ಮಾಸ್ತರರ ಕಡುಬು

ಹೊನ್ನಾವರದ ಕಮಲಾಕರ ಮಾಸ್ತರರ ಕೈಯಲ್ಲಿ ಒಳ್ಳೆಯ ರುಚಿಯಿದೆ ಎಂಬುದು ಅವರ ಹೆಂಡತಿ ಶ್ರೀಮತಿಯನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ತಿಂಗಳಿಗೆ ಮೂರು ದಿನ ಹೊರಗೆ ಕೂತಾಗ, ಮನೆಯಲ್ಲಿ ಬೇರೆ ಹೆಂಗಸರಿಲ್ಲದಿದ್ದರೆ, ಗಂಡಸರು ಗಂಜಿ ಬೇಯಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅದನ್ನು ಯಾರೂ ಅಡುಗೆ ಎಂದು ಕರೆಯುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವ ಮಾಸ್ತರರು ಏಲಕ್ಕಿ ಕುಟ್ಟಿ, ಎಲೆ ಬಾಡಿಸಿ ಕಡುಬು ಮಾಡುತ್ತಾರೆಂದು ತಿಳಿದಿದ್ದರೆ ಹುಡುಗರು ಬೋರ್ಡಿನ ಮೇಲೆ ಸೌಟಿನ ಚಿತ್ರ ಬರೆದಿಡುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಅವರು ಮಾಡಿದ ಅನ್ನವನ್ನು ಕಾಗೆಗಳೂ ಅನುಮಾನದಿಂದಲೇ ನೋಡಿದ್ದವು. ಶ್ರೀಮತಿ ಹಿತ್ತಿಲ ಜಗುಲಿಯಲ್ಲಿ ತನ್ನ ಚಾಪೆಯ ಮೇಲೆ ಕೂತು, ಅಡುಗೆಮನೆಯ ಬಾಗಿಲಿನಿಂದ ಒಂದೊಂದಾಗಿ ಹೇಳಿಕೊಟ್ಟಳು. ಗಂಡ ಒಲೆಯ ಮುಂದೆ, ಹೆಂಡತಿ ಹೊಸ್ತಿಲಾಚೆ. ಉಪ್ಪು ಹುಳಿಯ ಮಾತು ಮುಗಿದ ಮೇಲೆ ಬೇರೆ ಮಾತು ಬರುತ್ತಿತ್ತು. ಶರಾವತಿಯ ದೋಣಿ ಹತ್ತಲು ತನಗೆ ಈಗಲೂ ಹೆದರಿಕೆ ಎಂದು ಮಾಸ್ತರರು ಹೇಳಿದ್ದು ಹಾಗೆ ತೆಂಗಿನಕಾಯಿ ಹೆರೆಯುತ್ತಿದ್ದಾಗ. ಸತ್ತುಹೋದ ತಮ್ಮನ ನೆನಪಾಗಿ ಕಣ್ಣೊರೆಸಿಕೊಂಡದ್ದೂ ಒಲೆಯ ಮುಂದೆಯೇ. ಹೊಗೆ ಎಂದು ಅವರು ಅಂದರು, ಅವಳೂ ಹೌದು ಅಂದಳು. ಉಳಿದ ದಿನ ಶಾಲೆ ಬಿಟ್ಟರೆ ವಾಚನಾಲಯ, ವಾಚನಾಲಯ ಬಿಟ್ಟರೆ ಊಟ, ಊಟವಾದರೆ ನಿದ್ದೆ. ಹಾಗಾಗಿ ಶ್ರೀಮತಿಗೆ ತಿಂಗಳೆಂದರೆ ಆ ಮೂರು ಸಂಜೆಗಳು. ಅದನ್ನು ಯಾರ ಹತ್ತಿರವಾದರೂ ಹೇಳಲು ಬರುತ್ತದೆಯೇ?

ಮುಂಬೈ ಪ್ರಾಂತ್ಯ ಹೋಗಿ ಮೈಸೂರು ರಾಜ್ಯ ಬಂದು ಐದಾರು ವರ್ಷವಾಗಿತ್ತು. ಹೊಸ ಕಾಲ ಬಂದಿದೆ ಎಂದು ವಾಚನಾಲಯದಲ್ಲಿ ಆಗಾಗ ಭಾಷಣಗಳಾಗುತ್ತಿದ್ದವು. ಆ ವರ್ಷದ ಆಶ್ವೀಜದಲ್ಲಿ, ಮಳೆ ಹಿಂದಾಗಿ ಸಂಜೆಯ ಗಾಳಿ ತಂಪಾದ ಹೊತ್ತಿನಲ್ಲಿ, ಮೂಢನಂಬಿಕೆಯ ಮೇಲೆ ಮಾತಾಡುವ ಸರದಿ ಕಮಲಾಕರ ಮಾಸ್ತರರದು. ಹೆಂಗಸರನ್ನು ಹೊರಗೆ ಕೂರಿಸುವುದು ನಾಚಿಕೆಗೇಡು ಎಂದು ಮೇಜು ಗುದ್ದಿ ಹೇಳಿದರು. ಚಪ್ಪಾಳೆ ಬಿತ್ತು. ತ್ರ್ಯಂಬಕ ವಕೀಲರು ಎದ್ದು ನಿಂತು, "ನಿಮ್ಮ ಮನೆಯಲ್ಲಿ ಹೇಗೆ ಮಾಸ್ತರೇ?" ಎಂದು ಕೇಳಿಬಿಟ್ಟರು.

ಅದೇ ಸಂಜೆ ಶ್ರೀಮತಿ ಹೊರಗೆ ಕೂತಿದ್ದಳು. ಬೆಳಿಗ್ಗೆ ಮಾಸ್ತರರೇ ಅಕ್ಕಿ ನೆನೆಹಾಕಿ, ಹಿತ್ತಿಲಿನಿಂದ ಅರಿಶಿನ ಎಲೆ ಕೊಯ್ದಿಟ್ಟು ಹೋಗಿದ್ದರು. ಹಣ್ಣಾದ ಸವತೆಕಾಯಿ ಮೂಲೆಯಲ್ಲಿ ಕಾಯುತ್ತಿತ್ತು. ಮಾಸ್ತರರು ಬಂದವರು ಅಂಗಿ ಬಿಚ್ಚಲಿಲ್ಲ, ಪಂಚೆ ಎತ್ತಿ ಕಟ್ಟಲಿಲ್ಲ.

"ಏಳು, ಒಳಗೆ ಬಾ. ಇವತ್ತಿಂದ ಈ ಮನೆಯಲ್ಲಿ ಹೊರಗೆ ಕೂರದು ಹೇಳಿ ಇಲ್ಲೆ" ಎಂದರು.

"ಕಡುಬು?" ಎಂದಳು ಶ್ರೀಮತಿ.

"ನೀನೇ ಮಾಡಲಾಗ್ತು ಈಗ! ಯಾರ ಅಡ್ಡಿಯೂ ಇಲ್ಲೆ" ಎಂದು ದೊಡ್ಡ ವರ ಕೊಟ್ಟವರಂತೆ ನಕ್ಕು, ಮಾಸ್ತರರು ಪೇಪರು ಹಿಡಿದು ಮುಂದಿನ ಜಗುಲಿಗೆ ಹೋದರು.

ಬಿಡುಗಡೆಯಾದ ಶ್ರೀಮತಿ ನಡ ನೋಯುತ್ತಿದ್ದರೂ ಎದ್ದು ಸವತೆಕಾಯಿ ತುರಿದಳು, ಅಕ್ಕಿ ರುಬ್ಬಿದಳು, ಬೆಲ್ಲ ಕಲಸಿದಳು, ಎಲೆಗೆ ಹಚ್ಚಿ ಮಡಚಿ ಬೇಯಲಿಟ್ಟಳು. ಮುಂದಿನ ಜಗುಲಿಯಿಂದ ಗಂಡ ಮನೆಗೆ ಬಂದ ವಕೀಲರಿಗೆ ತನ್ನ ಕ್ರಾಂತಿಯನ್ನು ವರ್ಣಿಸುವುದು ಕೇಳುತ್ತಿತ್ತು. ಅವಳಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಹೊಗೆ ಎಂದು ಹೇಳೋಣವೆಂದರೆ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸುದ್ದಿ ಕೇರಿಯೆಲ್ಲ ಹಬ್ಬಿತು. ಬಾಡಿಗೆ ಮನೆಯ ಒಡತಿ ಮಹಾಲಕ್ಷ್ಮಮ್ಮ ಬೇಲಿಯ ಹತ್ತಿರ ನಿಂತು, "ಪುಣ್ಯ ಮಾಡಿದ್ಯೆ ಮಾರಾಯ್ತಿ, ಅಂಥ ಗಂಡ ಸಿಕ್ಕಿದ್ದ" ಎಂದರು. ಶ್ರೀಮತಿ ತಲೆಯಾಡಿಸಿದಳು. ಪುಣ್ಯ ಜಾಸ್ತಿಯಾದರೆ ಬೆನ್ನು ನೋಯುತ್ತದೆ ಎಂದು ಅವರಿಗೆ ಹೇಗೆ ತಿಳಿಸುವುದು!

ಆದರೆ ಮಾಸ್ತರರ ಅವಸ್ಥೆಯೂ ಏನೂ ಸುಖವಿರಲಿಲ್ಲ. ಒಂದೆರಡು ಸಲ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ಬಂದು ನಿಂತರು.

"ಒಗ್ಗರಣೆ ಸ್ವಲ್ಪ ಸೀದಂಗೆ ವಾಸನೆ ಬತ್ತು."

"ಗಂಡಸರಿಗೆ ಇಲ್ಲಿ ಎಂತ ಕೆಲಸ?" ಎಂದು ಶ್ರೀಮತಿ ಬೇಕೆಂದೇ ಕೇಳಿದಳು.

ಹೆಂಡತಿ ಒಳಗಿರುವಾಗ ಸೌಟು ಹಿಡಿಯಲು ಗಂಡಸಿಗೆ ನೆಪ ಬೇಕು. ಇದ್ದ ಒಂದೇ ನೆಪವನ್ನು ಅವರೇ ಚಪ್ಪಾಳೆಗೆ ಮಾರಿಕೊಂಡಿದ್ದರು. ತಿರುಗಿ ಹೋಗುವಾಗ ಅವರ ಮುಖ ಕಂಡು ಶ್ರೀಮತಿಗೆ ಪಾಪ ಅನ್ನಿಸಿತು. ಜೊತೆಗೆ ಒಂದು ಆಸೆಯೂ ಹುಟ್ಟಿತು.

ದೀಪಾವಳಿಗೆ ಇನ್ನೂ ದಿನವಿತ್ತು. ಆ ತಿಂಗಳ ಮೂರು ದಿನ ಮುಗಿದು ಅವಳು ಮಿಂದು ಒಂದು ಪಕ್ಷವೂ ಕಳೆದಿರಲಿಲ್ಲ. ಒಂದು ಸಂಜೆ ಮಾಸ್ತರರು ಶಾಲೆಯಿಂದ ಬಂದಾಗ ಹಿತ್ತಿಲ ಜಗುಲಿಯಲ್ಲಿ ಚಾಪೆ ಹಾಸಿತ್ತು. ಶ್ರೀಮತಿ ಅದರ ಮೇಲೆ ಕೂತು ಅಂಗಳದ ಕಡೆ ನೋಡುತ್ತಿದ್ದಳು. ಇವರು ಲೆಕ್ಕದ ಮಾಸ್ತರರು. ಬೆರಳು ಮಡಚಿ ದಿನ ಎಣಿಸಿದರೆ ಮುಗಿಯಿತು.

"ಎಂತ ಇದು?" ಎಂದರು ಮಾಸ್ತರರು.

"ನಿಂಗಳ ಭಾಷಣ ಎಲ್ಲ ಸರಿ. ಯಂಗೆ ಮನಸ್ಸು ಒಪ್ಪತಿಲ್ಲೆ. ಆನು ಹೊರಗೇ ಕೂರ್ತಿ."

ಮಾಸ್ತರರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ಪಂಚಾಂಗ ನೋಡಿದರು. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು, ಪಂಚೆ ಎತ್ತಿ ಕಟ್ಟಿದರು.

"ಅಕ್ಕಿ ನೆನೆಹಾಕಿದ್ಯ?"

"ಮಧ್ಯಾಹ್ನವೇ" ಎಂದು ಬಾಯಿ ತಪ್ಪಿ ಹೇಳಿ ಶ್ರೀಮತಿ ನಾಲಿಗೆ ಕಚ್ಚಿಕೊಂಡಳು. ಹೊರಗಾದವಳು ಅಕ್ಕಿ ಮುಟ್ಟಬಾರದು. ಮಾಸ್ತರರು ಅದು ಕೇಳಿಸಲೇ ಇಲ್ಲವೆಂಬಂತೆ ಬೆಲ್ಲದ ಡಬ್ಬಿ ಹುಡುಕುತ್ತಿದ್ದರು.

ಎಲೆಗೆ ಹಿಟ್ಟು ಹಚ್ಚುತ್ತಿದ್ದಾಗ ಮುಂಬಾಗಿಲಲ್ಲಿ ತ್ರ್ಯಂಬಕ ವಕೀಲರು ಕೂಗಿದರು. ವಾಚನಾಲಯದಲ್ಲಿ ಸ್ತ್ರೀಯರ ಉದ್ಧಾರದ ಬಗ್ಗೆ ಸಭೆಯಿತ್ತು, ಮಾಸ್ತರರೇ ಅಧ್ಯಕ್ಷರು. ಮಾಸ್ತರರು ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೋದರು.

"ಬರಲಾಗ್ತಿಲ್ಲ ವಕೀಲರೇ. ಮನೆಯವಳು ಹೊರಗೆ ಕೂತುಬಿಟ್ಟಿದ್ದಾಳೆ. ಎಷ್ಟು ಹೇಳಿದರೂ ಕೇಳುವುದಿಲ್ಲ."

"ಹೆಂಗಸರಿಗೇ ಬುದ್ಧಿ ಬರದಿದ್ದರೆ ನಾವು ಎಂತ ಮಾಡೋದು!" ಎಂದು ವಕೀಲರು ಮರುಗಿ, ಹೆಂಗಸರನ್ನು ಉದ್ಧರಿಸಲು ಒಬ್ಬರೇ ಹೋದರು.

ಊರಿಗೆಲ್ಲ ತಾನು ಮೂಢಳಾದೆನಲ್ಲ ಎಂದು ಶ್ರೀಮತಿಗೆ ಚೂರು ಚುಚ್ಚಿತು. ಅಷ್ಟರಲ್ಲಿ ಒಳಗಿನಿಂದ ಅರಿಶಿನ ಎಲೆ ಬೇಯುವ ಘಮ ಬಂತು, ಜೊತೆಗೆ ಗಂಡನ ದನಿಯೂ. ತಿಮ್ಮನೆಂಬ ಹುಡುಗ ಇವತ್ತು ಭಾಗಾಕಾರದಲ್ಲಿ ಶೇಷವನ್ನೇ ನುಂಗಿ, ಕೇಳಿದರೆ ಹಸಿವಾಗಿತ್ತು ಅಂದನಂತೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಚುಚ್ಚಿದ್ದು ಮರೆತುಹೋಯಿತು.

ಕಡುಬು ಬೆಂದಿತು. ಶ್ರೀಮತಿ ಅಭ್ಯಾಸದಂತೆ ತನ್ನ ಬಾಳೆಲೆಯನ್ನು ಮುಂದೆ ಸರಿಸಿದಳು. ಯಾವಾಗಲೂ ಅವರು ಸೋಂಕದಂತೆ ಮೇಲಿನಿಂದ ಹಾಕುತ್ತಿದ್ದರು. ಮಾಸ್ತರರು ಇವತ್ತು ಹಾಗೆ ಮಾಡಲಿಲ್ಲ. ತುಪ್ಪ ಸುರಿದ ಬಿಸಿ ಕಡುಬನ್ನು ತಂದು ಅವಳ ಅಂಗೈಯಲ್ಲೇ ಇಟ್ಟರು. ಇಟ್ಟು, ಅದೇ ಚಾಪೆಯ ಮೇಲೆ ಪಕ್ಕದಲ್ಲೇ ಕೂತರು.

"ಅಯ್ಯೋ, ಮುಟ್ಟಿದ್ರಲ್ಲ!" ಎಂದಳು ಶ್ರೀಮತಿ, ಬೇಲಿಯ ಕಡೆ ನೋಡುತ್ತ.

"ಮುಟ್ಟಲಾಗ್ತು" ಎಂದರು ಮಾಸ್ತರರು ತಮ್ಮ ಕಡುಬಿನ ಎಲೆ ಬಿಡಿಸುತ್ತ. "ಯಂಗೆ ಲೆಕ್ಕ ಬತ್ತು."