ಐದು ವಾರದ ಅಪ್ಪಣೆ

ಸಹಿ ಹಾಕುವುದಿಲ್ಲ ಅಂದರೆ ಹಾಕುವುದಿಲ್ಲ ಎಂದು ಡ್ರೈವಿಂಗ್ ಮೇಷ್ಟ್ರು ಮೂರನೆಯ ಸಲ ಫೋನಿನಲ್ಲಿ ಹೇಳಿದಾಗ ಹಲ್ಲಕ್ಕನ ಕೈಯಲ್ಲಿ ಯಾರದೋ ಕೆಳದವಡೆ ಇತ್ತು. ಮೇಣದಲ್ಲಿ ಆಗಷ್ಟೇ ಹದಿನಾಲ್ಕು ಹಲ್ಲು ಕೂರಿಸಿದ್ದಳು. ಅದನ್ನೇ ಎತ್ತಿ ಗೋಡೆಗೆ ಬೀಸಿಬಿಡೋಣ ಅನ್ನಿಸಿತು. ಬೀಸಲಿಲ್ಲ. ಪಾಪ, ಆ ದವಡೆಯ ಯಜಮಾನ ಎರಡು ತಿಂಗಳಿಂದ ಏನನ್ನೂ ಅಗಿದಿಲ್ಲ.

"ಐದೇ ವಾರ ಕಣೋ. ಮಕ್ಕಳಿಗೆ ರಜ. ಅಮ್ಮನ ಹತ್ರ ಹೋಗಿ ಬರ್ತೀವಿ ಅಷ್ಟೆ."

"ಬರ್ತೀವಿ ಅಂತ ಎಲ್ಲರೂ ಹೇಳ್ತಾರೆ" ಎಂದು ಅವನು ಫೋನ್ ಇಟ್ಟ.

ಹಲ್ಲಕ್ಕ ಅಂದರೆ ಊರಿನ ದಂತವೈದ್ಯರೆಲ್ಲ ಅವಳನ್ನು ಕರೆಯುವ ಹೆಸರು. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಹಿತ್ತಲ ಬೀದಿಯ ಒಂದು ಕೋಣೆಯಲ್ಲಿ ಕೂತು ಅದಕ್ಕೆ ಸರಿಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಕೋಪ ಮೂಗಿನ ತುದಿಯಲ್ಲೇ, ಆದರೆ ಕೈ ಮಾತ್ರ ಬಂಗಾರ. ಮೇಷ್ಟ್ರು ಇವಳ ಗಂಡ, ಮೂರು ವರ್ಷದಿಂದ ಬೇರೆ ಇದ್ದಾನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದು ಅವನ ಉದ್ಯೋಗ. ಸಂಸಾರದಲ್ಲೂ ಮಹಾನುಭಾವ ಮಾಡಿದ್ದು ಅದೇ.

ಮಕ್ಕಳು ಇಬ್ಬರು. ದೊಡ್ಡವಳಿಗೆ ಹನ್ನೊಂದು, ಚಿಕ್ಕವಳಿಗೆ ಆರು. ಅವರು ದೇಶದ ಗಡಿ ದಾಟಬೇಕಾದರೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು. ಹಲ್ಲಕ್ಕನ ಅಮ್ಮ ಏಳು ವರ್ಷದಿಂದ ಮಗನ ಜೊತೆ ಪರದೇಶದಲ್ಲಿದ್ದಾಳೆ. ಚಿಕ್ಕವಳನ್ನು ಅವಳು ನೋಡಿದ್ದು ಫೋನಿನಲ್ಲಿ ಮಾತ್ರ, ಅದೂ ಅರ್ಧ ಹೊತ್ತು ಹಣೆ, ಇನ್ನರ್ಧ ಹೊತ್ತು ಮೂಗಿನ ಹೊಳ್ಳೆ.

ಈ ಕಸುಬನ್ನು ಮಗಳಿಗೆ ಕಲಿಸಿದವಳೂ ಅವಳೇ. ಹೊರಡುವ ವಿಷಯ ಎತ್ತಿದ್ದೇ ತಡ, ಅವಳದು ಒಂದೇ ಬೇಡಿಕೆ. "ನನಗೇನೂ ತರಬೇಡ. ಮಕ್ಕಳ ಹಲ್ಲಿನ ಅಚ್ಚು ತಾ. ಒಂದು ವರ್ಷದ್ದೂ ಬಿಡಬೇಡ. ಸಾಲಾಗಿ ಇಟ್ಕೊಂಡು ನೋಡಬೇಕು."

ನಾಲ್ಕು ತುಂಬಿದಾಗಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಮಕ್ಕಳ ಬಾಯಿಯ ಅಚ್ಚು ತೆಗೆದು ಜಿಪ್ಸಮ್ಮಿನಲ್ಲಿ ಎರಕ ಹೊಯ್ದು ಇಡುವುದು ಹಲ್ಲಕ್ಕನ ಹುಚ್ಚು. ಬೇರೆ ತಾಯಂದಿರು ಫೋಟೋ ತೆಗೆಸುತ್ತಾರೆ, ಇವಳದು ಹೀಗೆ. ದೊಡ್ಡವಳದು ಎಂಟು ಜೋಡಿ, ಚಿಕ್ಕವಳದು ಮೂರು. ಹನ್ನೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಒಂದು ಪೆಟ್ಟಿಗೆಗೆ ತುಂಬಿ, ಸೂಟ್‌ಕೇಸಿನ ತಳದಲ್ಲಿ ಇಟ್ಟಳು. ಪಕ್ಕದಲ್ಲಿ ಕೂತು ನೋಡುತ್ತಿದ್ದ ಚಿಕ್ಕವಳು ಭಾನುವಾರ ಅಪ್ಪನಿಗೆ ಸುದ್ದಿ ಮುಟ್ಟಿಸಿದಳು: "ಅಪ್ಪಾ, ಅಮ್ಮ ನಮ್ಮ ಹಲ್ಲೆಲ್ಲಾ ಪ್ಯಾಕ್ ಮಾಡಿದ್ಲು!"

ಅವತ್ತಿನಿಂದಲೇ ಅವನು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಯಾಕೆ ಅಂತ ಇವಳಿಗೆ ಹೊಳೆಯಲೂ ಇಲ್ಲ.

ಬುದ್ಧಿ ಹೇಳುವವರಿಗೆ ಏನು ಬರ? ಪಕ್ಕದ ಟೇಬಲಿನಲ್ಲಿ ಹಲ್ಲಿಗೆ ಪಾಲಿಶ್ ಮಾಡುವ ಗೆಳತಿ ದನಿ ತಗ್ಗಿಸಿ ಅಂದಳು, "ಹಲ್ಲನ್ನೇ ಥೇಟ್ ಅಸಲಿನ ಹಾಗೆ ಮಾಡೋ ಕೈ ನಿಂದು. ಅವನ ಸಹಿ ಯಾವ ಮಹಾ? ಗೀಚಿ ಬಿಸಾಕೆ."

"ಯಾಕೆ? ಅವರು ಬೇರೆಯವರ ಮಕ್ಕಳಾ? ಕದ್ದುಕೊಂಡು ಹೋಗೋಕೆ ನಾನೇನು ಕಳ್ಳೀನಾ? ಹೋದ್ರೆ ಮುಂಬಾಗಿಲಿಂದಲೇ ಹೋಗ್ತೀನಿ, ಎಲ್ಲರ ಕಣ್ಣೆದುರಿಗೇ" ಎಂದು ಹಲ್ಲಕ್ಕ ಕೋರ್ಟಿಗೆ ಅರ್ಜಿ ಹಾಕಿದಳು.

ವಕೀಲರು ಒಳ್ಳೆಯ ಮನುಷ್ಯ, ಆದರೆ ಅವರದೂ ಒಂದು ಉಪಾಯ. "ಅಜ್ಜಿಗೆ ಹುಷಾರಿಲ್ಲ, ಮೊಮ್ಮಕ್ಕಳನ್ನ ನೋಡೋ ಆಸೆ ಅಂತ ಒಂದು ಸಾಲು ಸೇರಿಸೋಣಮ್ಮ. ಕೇಸಿಗೆ ತೂಕ ಬರತ್ತೆ."

"ಅಮ್ಮ ಕಲ್ಲುಗುಂಡಿನ ಹಾಗಿದ್ದಾಳೆ ಸಾರ್. ಮಕ್ಕಳನ್ನ ಅಜ್ಜಿ ಮನೆಗೆ ಕರ್ಕೊಂಡು ಹೋಗೋದಕ್ಕೆ ಅಜ್ಜೀನ ಮಲಗಿಸಬೇಕಾ? ನನಗೆ ಹೋಗಬೇಕು ಅನ್ನಿಸಿದೆ, ಮಕ್ಕಳಿಗೂ ಅನ್ನಿಸಿದೆ. ಅಷ್ಟೇ ಬರೀರಿ."

ವಕೀಲರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಅಷ್ಟೇ ಬರೆದರು.

ಆರನೆಯ ಕೋಣೆಯಲ್ಲಿ ವಿಚಾರಣೆ. ಉದ್ದದ ಮೇಜು, ಕಾಲು ಅಲುಗಾಡುವ ಕುರ್ಚಿಗಳು, ಗೋಡೆಯ ತುಂಬ ಕಡತ. ಜಡ್ಜಮ್ಮ ಕನ್ನಡಕವನ್ನು ಹಣೆಗೇರಿಸಿ ಅರ್ಜಿ ಓದಿದರು.

"ಹೋಗೋದಕ್ಕೆ ವಿಶೇಷ ಕಾರಣ ಏನೂ ಬರೆದಿಲ್ವಲ್ಲಮ್ಮ?"

"ಇಲ್ಲ ಮೇಡಂ. ರಜ, ಅಜ್ಜಿ. ಬೇರೆ ಕಾರಣ ಇಲ್ಲ."

ವಕೀಲರು ಕೆಮ್ಮಿದರು. ಜಡ್ಜಮ್ಮ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಅಡ್ಡಿ ಏನು?"

"ಇವಳು ವಾಪಸ್ ಬರಲ್ಲ ಮೇಡಂ. ಮಕ್ಕಳ ಹಲ್ಲೂ ಪ್ಯಾಕ್ ಮಾಡಿದ್ದಾಳೆ."

"ಏನು ಪ್ಯಾಕ್ ಮಾಡಿದ್ದಾರೆ?"

"ಹಲ್ಲು ಮೇಡಂ. ಹಲ್ಲಿನ ಅಚ್ಚು. ಒಂಬತ್ತು ವರ್ಷ ಇವಳ ಜೊತೆ ಸಂಸಾರ ಮಾಡಿದ್ದೀನಿ, ಇವಳ ಕೆಲಸದ ರೀತಿ ನನಗೆ ಗೊತ್ತು. ಯಾರದೇ ಅಚ್ಚಾದರೂ ಇವಳ ಶೆಲ್ಫಿಂದ ಆಚೆ ಹೋಗಲ್ಲ. ಆ ರೋಗಿ ಊರು ಬಿಟ್ಟು ಖಾಯಂ ಬೇರೆ ಕಡೆ ಹೋದ್ರೆ ಮಾತ್ರ, ಅಲ್ಲಿನ ವೈದ್ಯರಿಗೆ ತೋರಿಸೋಕೆ ಅಂತ ಕಟ್ಟಿ ಕೊಡ್ತಾಳೆ. ಐದು ವಾರದ ರಜಕ್ಕೆ ಯಾರಾದ್ರೂ ಎಂಟು ವರ್ಷದ ಹಲ್ಲು ಹೊತ್ಕೊಂಡು ಹೋಗ್ತಾರಾ?"

ಅವನು ಹೇಳಿದ ರೂಢಿ ಅಕ್ಷರಶಃ ನಿಜ. ಬೇರೆ ಯಾವ ಗಂಡಸಿಗೂ ಬರದ ಅನುಮಾನ ಇದು. ಇವಳ ಮನೆಯಲ್ಲಿ ಒಂಬತ್ತು ವರ್ಷ ಜಿಪ್ಸಮ್ ಧೂಳು ಕುಡಿದವನಿಗೆ ಮಾತ್ರ ಬರುವಂಥದ್ದು. ಹಲ್ಲಕ್ಕನಿಗೆ ನಗು ಬಂತು. ಬೆನ್ನಿಗೇ ಸಿಟ್ಟೂ ಬಂತು.

"ಅಯ್ಯೋ ನಿನ್ನ! ಬಾಯಿ ಬಿಟ್ಟು ಕೇಳಿದ್ರೆ ಹೇಳ್ತಿರಲಿಲ್ವಾ?" ಎಂದವಳು ನಾಲಿಗೆ ಕಚ್ಚಿಕೊಂಡು ಜಡ್ಜಮ್ಮನ ಕಡೆ ತಿರುಗಿದಳು. "ಕ್ಷಮಿಸಿ ಮೇಡಂ. ಅದು ನಮ್ಮಮ್ಮ ಕೇಳಿದ್ದು. ಅವರೂ ಇದೇ ಕೆಲಸದವರು. ಮೊಮ್ಮಕ್ಕಳು ಹೇಗೆ ಬೆಳೆದ್ರು ಅಂತ ಅವರು ನೋಡೋದು ಹಾಗೇ. ಇನ್ನು ವಾಪಸ್ ಬರೋ ಮಾತು. ತಗೊಳ್ಳಿ, ಇದು ನನ್ನ ಆರ್ಡರ್ ಪುಸ್ತಕ. ನಾನು ಬಂದ ಮಾರನೇ ದಿನದಿಂದ ನಲವತ್ತು ಜನಕ್ಕೆ ದಿನ ಕೊಟ್ಟಿದ್ದೀನಿ. ಬೊಚ್ಚುಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ. ನಾನು ಬರಲಿಲ್ಲ ಅಂದ್ರೆ ಇವರಿಗಿಂತ ಮೊದಲು ಆ ನಲವತ್ತು ಜನ ನಿಮ್ಮ ಹತ್ರ ಬರ್ತಾರೆ."

ಟೈಪು ಮಾಡುತ್ತಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಜಡ್ಜಮ್ಮ ಗಂಭೀರವಾಗಿಯೇ ಪುಟ ತಿರುವಿದರು.

ಮೇಷ್ಟ್ರು ಪಟ್ಟು ಸಡಿಲಿಸಲಿಲ್ಲ. "ಆಯ್ತು, ಒಂದು ಮಾತಿಗೆ ಒಪ್ಪಲಿ. ಒಬ್ಬಳನ್ನ ಕರ್ಕೊಂಡು ಹೋಗಲಿ, ಇನ್ನೊಬ್ಬಳು ನನ್ನ ಹತ್ರ ಇರಲಿ. ಆಗ ಬಂದೇ ಬರ್ತಾಳೆ."

ಜಡ್ಜಮ್ಮ ಹಲ್ಲಕ್ಕನನ್ನು ನೋಡಿದರು. "ಇದಕ್ಕೆ ನೀವು ಒಪ್ಪಿದ್ರೆ ಇವತ್ತೇ ಮುಗಿಸಬಹುದು. ಇಲ್ಲಾಂದ್ರೆ ನಾನು ಏನು ಬರೀತೀನೋ ಅದೇ."

"ಒಪ್ಕೊಳಮ್ಮ. ಕೈಗೆ ಬಂದಷ್ಟು ಬರಲಿ. ಇಬ್ಬರೂ ಬೇಕು ಅಂತ ಕೂತ್ರೆ ಒಬ್ಬಳೂ ಇಲ್ಲದ ಹಾಗಾದೀತು" ಎಂದು ವಕೀಲರು ಪಿಸುಗುಟ್ಟಿದರು.

ಟಿಕೆಟ್ಟಿನ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಹೂಂ ಅಂದರೆ ಅರ್ಧವಾದರೂ ದಕ್ಕುತ್ತದೆ. ಹಲ್ಲಕ್ಕ ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ಒಪ್ಪಲ್ಲ ಮೇಡಂ. ಮಕ್ಕಳನ್ನ ಒತ್ತೆ ಇಟ್ಟು ನಾನೆಲ್ಲಿಗೂ ಹೋಗಲ್ಲ. ಇಬ್ಬರೂ ಬರ್ತಾರೆ, ಇಲ್ಲ ಮೂವರೂ ಇಲ್ಲೇ ಇರ್ತೀವಿ. ಆದ್ರೆ ಒಂದು ಮಾತು ಇವರನ್ನ ಕೇಳ್ತೀನಿ." ಅವಳು ಗಂಡನ ಕಡೆಗೇ ತಿರುಗಿದಳು. "ಹೇಳು, ಯಾರನ್ನ ಬಿಟ್ಟು ಹೋಗ್ಲಿ? ದೊಡ್ಡವಳನ್ನಾ, ಚಿಕ್ಕವಳನ್ನಾ? ನೀನೇ ಆರಿಸು. ಆರಿಸಿ, ಇವತ್ತು ಸಾಯಂಕಾಲ ಮನೆಗೆ ಬಂದು ಅವಳಿಗೆ ನೀನೇ ಹೇಳು. ನನ್ನನ್ನೇ ಯಾಕೆ ಇಟ್ಕೊಂಡೆ ಅಂತ ಕೇಳ್ತಾಳೆ. ಅದಕ್ಕೂ ಉತ್ತರ ರೆಡಿ ಮಾಡ್ಕೊಂಡು ಬಾ."

ಜಡ್ಜಮ್ಮ ಪೆನ್ನು ಕೆಳಗಿಟ್ಟು ಮೇಷ್ಟ್ರ ಕಡೆ ತಿರುಗಿದರು.

"ಹೇಳಿ. ಯಾರನ್ನ?" ಎಂದು ಅವರೂ ಕೇಳಿದರು.

ಅವನು ತಲೆ ತಗ್ಗಿಸಿದ. "ನನ್ನ ಕೈಲಿ ಆಗಲ್ಲ ಮೇಡಂ" ಅಂದ.

ಆದೇಶ ಒಂದೇ ಪುಟದ್ದು. ಇಬ್ಬರು ಮಕ್ಕಳೂ ತಾಯಿಯ ಜೊತೆ ಐದು ವಾರ ಹೋಗಿಬರಬಹುದು, ತಂದೆಯ ಸಹಿ ಬೇಕಿಲ್ಲ. ಮರಳಿ ಬರುವ ಟಿಕೆಟ್ಟಿನ ಪ್ರತಿ, ಅಲ್ಲಿನ ವಿಳಾಸ ಅವನಿಗೆ ಕೊಡಬೇಕು, ವಾರಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡಿಸಬೇಕು. ಗುಮಾಸ್ತ ಓದಿ ಹೇಳುವಾಗ ಹಲ್ಲಕ್ಕನ ಕಣ್ಣು ತುಂಬಿತು. ಅವನೆದುರು ಅಳಬಾರದು ಎಂದು ಛಾವಣಿ ನೋಡಿದಳು.

ಹೊರಗೆ, ಪ್ರತಿ ಕೊಡುವ ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಅವನು ಹತ್ತಿರ ಬಂದ. ಜಗಳದ ಗತ್ತೆಲ್ಲ ಇಳಿದುಹೋಗಿತ್ತು.

"ಬರ್ತೀಯ ತಾನೆ?"

ಹೂಂ ಎಂಬ ಮಾತು ತುಟಿಯ ತನಕ ಬಂದಿತ್ತು. ಅವನ ಮುಖ ನೋಡಿದರೆ ಯಾರಿಗಾದರೂ ಕರುಳು ಚುರ್ ಅನ್ನಬೇಕು, ಇವಳಿಗೂ ಅಂದಿತು. ಆದರೂ ಆ ಹೂಂ ಹೊರಗೆ ಬರಲಿಲ್ಲ.

"ಒಂದು ವಾರ ಸ್ನೇಹಿತನ ರೂಮಲ್ಲಿ ಇದ್ದು ಬರ್ತೀನಿ ಅಂತ ಒಂದು ಬ್ಯಾಗ್ ಎತ್ಕೊಂಡು ಹೋದವನು ನೀನು. ದೊಡ್ಡವಳು ಆಗ ಎಂಟು ವರ್ಷದವಳು. ಏಳು ರಾತ್ರೀನೂ ಬಾಗಿಲಿಗೆ ಚಿಲಕ ಹಾಕೋಕೆ ಬಿಡಲಿಲ್ಲ ಅವಳು, ಅಪ್ಪ ಬರ್ತಾರೆ ಅಂತ. ಎಂಟನೇ ರಾತ್ರಿ ಅವಳೇ ಎದ್ದು ಹೋಗಿ ಹಾಕಿ ಬಂದ್ಲು. ನಾನು ಆ ಮನೆ ಬಿಟ್ಟು ಒಂದು ದಿನ ಎಲ್ಲಿಗಾದ್ರೂ ಹೋಗಿದ್ದೀನಾ? ಬರ್ತೀಯ ತಾನೆ ಅಂತ ನೀನು ನನ್ನ ಕೇಳ್ತೀಯಾ?"

ಸಾಲು ಮುಂದಕ್ಕೆ ಸರಿಯಿತು, ಅವಳೂ ಸರಿದಳು.

"ಎಷ್ಟು ಪ್ರತಿ ಬೇಕಮ್ಮ?" ಎಂದು ಕಿಟಕಿಯವನು ಕೇಳಿದ.

"ಒಂದು ಸಾಕು. ಅವರಿಗೆ ಬೇಕಿದ್ರೆ ಅವರೇ ಸಾಲಲ್ಲಿ ನಿಂತು ತಗೋತಾರೆ."